ದೊಡ್ಡಕ್ಕನ ಗಡ್ಡ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಗಡ್ಡವಿಲ್ಲ.

ಕೊನೆಯ ಪದವನ್ನು 'ಜಗಳ' ಎಂದು ತಿದ್ದಲು ಕೆಂಪು ಪೆನ್ನು ಹುಡುಕುತ್ತಿರುವ ಮೇಷ್ಟ್ರುಗಳು ದಯವಿಟ್ಟು ಪೆನ್ನಿನ ಕ್ಯಾಪು ಮುಚ್ಚಬೇಕು. ಜಗಳದ ಮಾತು ಹಳೆಯದಾಯಿತು. ಗಡ್ಡದ ಮಾತು ಮೊನ್ನೆ ಮೊನ್ನೆ ಪಾವಗಡದ ಕಡೆ ನಡೆದದ್ದು, ಅಕ್ಷರಕ್ಷರವೂ ನಿಜ. ನಂಬದವರಿಗೆ ಮಧುಗಿರಿಯ ರಂಗೇಶನ ಬಲಗೆನ್ನೆಯ ಆಣೆ. ಎಡಗೆನ್ನೆಯ ಆಣೆ ಯಾಕಿಲ್ಲ ಎಂಬುದೇ ಕಥೆ.

ರಂಗೇಶ ಬಿ.ಎ. ಓದಿದವನು. ಓದಿದ್ದಕ್ಕಿಂತ ಹೆಚ್ಚಾಗಿ ಓದಿಸಿದವರ ದನಿ ಕಲಿತವನು. ಪ್ರಿನ್ಸಿಪಾಲರ ಕೆಮ್ಮು, ಇತಿಹಾಸದ ಮೇಷ್ಟ್ರ ಆಕಳಿಕೆ, ಪಾವಗಡ ಬಸ್ಸಿನ ಹಾರನ್ನು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಕಾಲೇಜು ಬಿಟ್ಟ ದಿನದಿಂದ ಸಾಕಿದ ಒಂದು ಗಡ್ಡವಿತ್ತು. ಅದಕ್ಕೆ ಎಣ್ಣೆ, ಬಾಚಣಿಗೆ, ಭಾನುವಾರ ಒಂದು ಟ್ರಿಮ್ಮು. ಗಡ್ಡ ಬಿಟ್ಟ ಮೇಲೆ ತನ್ನ ಮಾತಿಗೆ ತೂಕ ಬಂದಿದೆ ಎಂದು ಅವನ ನಂಬಿಕೆ. ತೂಕವೇನೋ ಬಂದಿತ್ತು, ಗದ್ದಕ್ಕೆ.

ಇಂಥವನಿಗೆ ಸಿಕ್ಕ ಕೆಲಸ ಕೇಳಿ: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಹೆಂಗಸರನ್ನು ಸ್ತನ ಕ್ಯಾನ್ಸರ್ ತಪಾಸಣೆಗೆ ಒಪ್ಪಿಸಿ ಕರೆತರುವುದು. ಸಂಸ್ಥೆಯವರು ಕೊಟ್ಟ ಹುದ್ದೆ 'ಸಂವಹನಾಧಿಕಾರಿ'. ಕಾರ್ಡು ಅಚ್ಚು ಹಾಕಿದವನು 'ಸಂವಾಹನಾಧಿಕಾರಿ' ಎಂದು ಒಂದು ದೀರ್ಘ ಎಳೆದಿದ್ದ. ರಂಗೇಶನಿಗೆ ವಾಹನವೂ ಇರಲಿಲ್ಲ, ಅವನಿಂದ ಸಂವಹನವೂ ಆಗುತ್ತಿರಲಿಲ್ಲ. ಆದ್ದರಿಂದ ಎರಡರಲ್ಲಿ ಯಾವುದನ್ನು ತಿದ್ದಿಸುವುದು ಎಂದು ತಿಳಿಯದೆ ಹಾಗೇ ಬಿಟ್ಟ.

ತೊಡಕು ಏನೆಂದರೆ, ಆ ಪದ ಅವನ ಬಾಯಿಗೆ ಬರುತ್ತಿರಲಿಲ್ಲ. 'ಸ್ತನ' ಎಂದರೆ ಪಠ್ಯಪುಸ್ತಕ ಕೆಮ್ಮಿದಂತೆ. ಇನ್ನೊಂದು ಪದ ಎಲ್ಲರಿಗೂ ಗೊತ್ತು, ಹಸುವಿಗಾದರೆ ಎಲ್ಲರೂ ಹೇಳುತ್ತಾರೆ. ನಡುದಾರಿಯೆಂದು ರಂಗೇಶ 'ಎದೆ' ಎಂಬ ಸಭ್ಯ ಪದ ಹಿಡಿದ. ಬಡವನಹಳ್ಳಿಯ ಸಂತೆಯ ದಿನ ಆಟೋಗೆ ಮೈಕು ಕಟ್ಟಿ, 'ಉಚಿತ ಎದೆ ಪರೀಕ್ಷೆ! ಎದೆಗಾರಿಕೆಯಿಂದ ಬನ್ನಿ!' ಎಂದು ಊರೆಲ್ಲ ಕೂಗಿಸಿದ. ಎದೆಗಾರಿಕೆ ಎಂಬ ಶ್ಲೇಷೆಗೆ ತಾನೇ ಎರಡು ಸಲ ನಕ್ಕ.

ಹತ್ತು ಗಂಟೆಗೆ ಶಾಲೆಯ ಮುಂದೆ ಸಾಲು ನಿಂತಿತು. ಎಲ್ಲರೂ ಗಂಡಸರು. ಬೀಡಿ ಸೇದಿ ಕೆಮ್ಮುವವರು, ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು, ಹಳೇ ಇ.ಸಿ.ಜಿ. ಸುರುಳಿಯನ್ನು ಜೇಬಲ್ಲಿಟ್ಟುಕೊಂಡವರು. ಮುಂದಿದ್ದ ಮುದುಕ ಆಗಲೇ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ.

ಡಾಕ್ಟರ್ ಶೀಬಾ ಸಿರಾದವರು. ಸಾಲನ್ನು ಒಮ್ಮೆ, ರಂಗೇಶನನ್ನು ಒಮ್ಮೆ ನೋಡಿದರು.

"ಯಾ ಅಲ್ಲಾ! ರಂಗೇಶ್, ಇವರಲ್ಲಿ ಹೆಂಗಸರು ಯಾರು ಸ್ವಲ್ಪ ತೋರಿಸ್ತೀರಾ?"

"ಮೇಡಂ, ಗಂಡಸರಿಗೂ ಅಪರೂಪಕ್ಕೆ ಬರುತ್ತೆ ಅಂತ ನೀವೇ ಹೇಳಿದ್ರಿ..."

"ಬರುತ್ತೆ. ಆದ್ರೆ ಒಂದೇ ದಿನ ಮೂವತ್ತು ಜನಕ್ಕೆ ಬರಲ್ಲ!"

ಅವತ್ತು ಶೀಬಾ ಮೂವತ್ತು ಗಂಡಸರ ಬಿ.ಪಿ. ನೋಡಿದರು. ಸಂಜೆ ರಂಗೇಶನನ್ನು ಕೂರಿಸಿಕೊಂಡು ಹೇಳಿದರು, "ಕಾಯಿಲೆ ಇರೋ ಜಾಗದ ಹೆಸರು ಹೇಳೋಕೆ ನಮಗೇ ನಾಚಿಕೆಯಾದ್ರೆ, ಅವರು ಆ ಜಾಗ ತೋರಿಸೋಕೆ ಯಾಕೆ ಬರ್ತಾರೆ? ಹೇಳಿ ಒಂದ್ಸಲ. ಜೋರಾಗಿ."

ರಂಗೇಶ ಬಾಯಿ ತೆರೆದ. ಪ್ರಿನ್ಸಿಪಾಲರ ಕೆಮ್ಮು ಬಂತು. ಇನ್ನೊಮ್ಮೆ ತೆರೆದ. ಬಸ್ಸಿನ ಹಾರನ್ನು ಬಂತು. ಮೂರನೆಯ ಸಲ ಎಲ್ಲಿಂದಲೋ ಅವನ ಅಜ್ಜಿ ಬಂದಳು. ಊರಿಗೆಲ್ಲ ದೊಡ್ಡಕ್ಕ ಎನಿಸಿಕೊಂಡಿದ್ದ ಅಜ್ಜಿ ತೀರಿಕೊಂಡು ಹತ್ತು ವರ್ಷ. ಬದುಕಿದ್ದಾಗ ಯಾವ ಪದಕ್ಕೂ ಸೆರಗು ಹೊದಿಸಿದವಳಲ್ಲ. ಎಲೆಯಡಿಕೆ ತುಂಬಿದ ಆ ದಪ್ಪ ದನಿಯಲ್ಲಿ ರಂಗೇಶನ ಬಾಯಿಂದ ಪುಂಖಾನುಪುಂಖವಾಗಿ ಹೊರಟಿತು:

"ಏನ್ರವ್ವಾ, ಎದೆ ಅಂದ್ರೆ ಗುಂಡಿಗೆ ಅಲ್ಲ ಕಣ್ರೇ, ಮೊಲೆ! ಮಕ್ಳಿಗೆ ಕುಡ್ಸುವಾಗ ಬಸ್‌ಸ್ಟ್ಯಾಂಡ್ನಾಗೆ ಕುಂತು ಕುಡ್ಸಿದ್ರಿ, ಡಾಕ್ಟ್ರಮ್ಮಂಗೆ ತೋರ್ಸೋಕೆ ಎಂಥ ನಾಚ್ಕೆ? ಅವಳೂ ಹೆಂಗ್ಸೇ. ಮೂವತ್ತು ದಾಟಿದೋರೆಲ್ಲ ಬಂದು ತೋರುಸ್ಕಳಿ. ಗಂಟು ಸಿಕ್ರೆ, ತೊಟ್ಟಿಂದ ನೀರೋ ರಕ್ತವೋ ಬಂದ್ರೆ, ಚರ್ಮ ಸೊಟ್ಟಗಾದ್ರೆ ಸುಮ್ಕೆ ಕೂರ್‌ಬ್ಯಾಡಿ. ನೋವಿಲ್ಲ ಅಂತ ಖುಸಿ ಪಡ್‌ಬ್ಯಾಡಿ, ಕಳ್ಳ ಬಾಗ್ಲು ತಟ್ಕೊಂಡು ಬರಾಕಿಲ್ಲ!"

ಶೀಬಾ ಕುರ್ಚಿ ಮುಂದಕ್ಕೆಳೆದರು. ಆಮೇಲೆ ಫೋನು ಚಾಚಿ, "ಇನ್ನೊಂದ್ಸಲ. ರೆಕಾರ್ಡ್ ಮಾಡ್ಕೋತೀನಿ" ಎಂದರು. ಕೊನೆಗೆ ರಂಗೇಶ ತನ್ನದೊಂದು ಸ್ವಂತ ಸಾಲು ಸೇರಿಸಿದ್ದ, 'ಕ್ಯಾನ್ಸರ್‌ಗೆ ಆನ್ಸರ್ ಐತೆ' ಎಂದು. ಅದನ್ನು ಅವರು ಕನಿಕರವಿಲ್ಲದೆ ಕತ್ತರಿಸಿದರು.

ದೊಡ್ಡಕ್ಕನ ದನಿ ವಾಟ್ಸಾಪಿನಲ್ಲಿ ಓಡಿತು. ಸಿರಾದ ಅಂಗಡಿಗಳಿಂದ ಪಟ್ಟನಾಯಕನಹಳ್ಳಿಯವರೆಗೆ, ಹುಣಸೆ ಬಡಿಯುವ ಹೆಂಗಸರಿಂದ ಗಾರ್ಮೆಂಟ್ಸ್ ವ್ಯಾನಿನ ಹುಡುಗಿಯರವರೆಗೆ. ಮುಂದಿನ ಎರಡು ಕ್ಯಾಂಪು ತುಂಬಿ ತುಳುಕಿದವು. ರಂಗೇಶ ಗಡ್ಡ ನೀವಿಕೊಂಡ.

ನೀವಿಕೊಳ್ಳುವಾಗ ಒಂದು ತಪ್ಪು ಮರೆತಿದ್ದ. ಸಂದೇಶದ ಕೊನೆಗೆ, ವಿವರ ಬೇಕಾದವರಿಗೆಂದು ತನ್ನದೇ ನಂಬರು ಕೊಟ್ಟಿದ್ದ. ಫೋನುಗಳು ಬರತೊಡಗಿದವು. "ದೊಡ್ಡಕ್ಕ ಅವ್ರಾ?" ಎಂದು ಆ ಕಡೆಯ ಹೆಣ್ಣುದನಿ ಮೆಲ್ಲಗೆ ಕೇಳಿದಾಗ, ಅಲ್ಲ ಎನ್ನುವುದು ಸಭ್ಯತೆ. ಆದರೆ ಮಿಮಿಕ್ರಿಯವನಿಗೆ ಚಪ್ಪಾಳೆಗಿಂತ ದೊಡ್ಡ ಮೋಸದ ವಸ್ತುವಿಲ್ಲ. "ಊಂ ಕಣವ್ವ, ಹೇಳು" ಎಂದುಬಿಟ್ಟ. ಅವರು ಹೇಳಿದರು, ಇವನು ಕೇಳಿದ. ಎಲ್ಲರಿಗೂ ಕ್ಯಾಂಪಿಗೆ ಬಾ ಎಂದೇ ಹೇಳುತ್ತಿದ್ದ, ಅಷ್ಟರಮಟ್ಟಿಗೆ ಪಾಪ ಕಡಿಮೆ.

ನಿಡುಗಲ್ ಕ್ಯಾಂಪಿಗೆ ಎರಡು ದಿನ ಇರುವಾಗ ಆ ಫೋನು ಬಂತು.

"ದೊಡ್ಡಕ್ಕ, ನಾನು ಲಕ್ಷ್ಮೀದೇವಿ, ನಿಡುಗಲ್ ತಾವ ಹಟ್ಟಿಯಿಂದ. ಎಂಗೆ ಹೇಳ್ಲಕ್ಕ... ನಂಗೆ ಗಡ್ಡ ಐತೆ."

ರಂಗೇಶನ ಕಿವಿ ನೆಟ್ಟಗಾಯಿತು. "ಏನೈತೆ?"

"ಗಡ್ಡ. ಮೂರು ತಿಂಗ್ಳಾತು. ನೊಪ್ಪಿ ಗಿಪ್ಪಿ ಏನೂ ಲೇದು. ಯಾರ್ಗೂ ಹೇಳಿಲ್ಲ, ನಮ್ಮನೇರ್ಗೂ ಗೊತ್ತಿಲ್ಲ. ಎಲ್ಲಿ ಅಂತ ಕೇಳ್‌ಬ್ಯಾಡ, ನಿಂಗೇ ಗೊತ್ತಲ್ಲ."

ಗಡ್ಡ ಎಲ್ಲಿ ಬರುತ್ತದೆಂದು ರಂಗೇಶನಿಗೆ ಗೊತ್ತಿಲ್ಲವೆ? ಹನ್ನೆರಡು ವರ್ಷ ಸಾಕಿದವನು! ನಗು ಗಂಟಲಿಗೆ ಬಂತು. ಅದನ್ನು ಎಲೆಯಡಿಕೆಯಂತೆ ದವಡೆಗೆ ಒತ್ತಿ, "ಅಯ್ಯೋ, ಗಡ್ಡ ತಾನೆ? ಇರ್ಲಿ ಬುಡವ್ವ! ವಯಸ್ಸಾದ್ಮೇಲೆ ಎಲ್ರಿಗೂ ಬತ್ತದೆ. ನಂಗೂ ಐತೆ ಒಂದು, ನಿಂಗಿಂತ ದೊಡ್ಡದು" ಎಂದ.

ಆ ಕಡೆ ಲಕ್ಷ್ಮೀದೇವಿ ಉಸಿರು ಬಿಟ್ಟದ್ದು ಕೇಳಿಸಿತು, ತಲೆಯ ಮೇಲಿನ ಹೊರೆ ಇಳಿಸಿದವರು ಬಿಡುವಂಥ ಉಸಿರು. "ನಿಂಗೂ ಐತಾ? ಅಯ್ಯಪ್ಪ, ನಿನ್ ಬಾಯಿಗೆ ಸಕ್ಕರೆ ಹಾಕ" ಎಂದು ಫೋನಿಟ್ಟಳು.

ಸಂಜೆ ಪಾವಗಡದ ಬೋಂಡಾ ಅಂಗಡಿಯ ಮುಂದೆ ರಂಗೇಶ ಈ ಪ್ರಸಂಗವನ್ನು ಎರಡೂ ದನಿಯಲ್ಲಿ ಅಭಿನಯಿಸಿ ತೋರಿಸಿದ, ಹೆಸರೊಂದನ್ನು ಮಾತ್ರ ಬಿಟ್ಟು. ಕ್ಯಾಂಪಿನ ಜೀಪಿನ ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ. ನಿಡುಗಲ್ ಕಡೆಯ ಆಶಾ ಕಾರ್ಯಕರ್ತೆ ಗಂಗಾಲಕ್ಷ್ಮಿ ನಗಲಿಲ್ಲ. ಕೈಯಲ್ಲಿದ್ದ ಈರುಳ್ಳಿ ಬೋಂಡವನ್ನು ಮುರಿದು, ಒಳಗಿನ ಈರುಳ್ಳಿ ತೋರಿಸಿದಳು.

"ರಂಗೇಶಣ್ಣ, ಇದುಕ್ಕೆ ನಮ್ ಕಡೆ ಏನಂತಾರೆ?"

"ಈರುಳ್ಳಿ."

"ಅದು ನಿಮ್ ಮಧುಗಿರಿ ಕಡೆ. ತೆಲುಗು ಮಾತಾಡೋ ಮನೇಲಿ ಉಲ್ಲಿಗಡ್ಡ. ಗಡ್ಡ ಅಂದ್ರೆ ಗಂಟು ಕಣಣ್ಣ. ಗಂಟು! ನೊಪ್ಪಿ ಲೇದು ಅಂದ್ರೆ ನೋವಿಲ್ಲ ಅಂತ."

ರಂಗೇಶ ಕೈಯಲ್ಲಿದ್ದ ಬೋಂಡ ಕೆಳಗಿಟ್ಟ. ಆಕೆ 'ಗಡ್ಡೆ' ಎಂದಿದ್ದರೆ ಹೊಳೆಯುತ್ತಿತ್ತು. ಒಂದು ಎತ್ವ, ಅಷ್ಟೇ. ತೆಲುಗು ತನಗೆ ನೀರು ಕುಡಿದಷ್ಟು ಸಲೀಸು ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಬರುತ್ತಿದ್ದದ್ದು ಮೀಸೆ ತಿರುವುವ ಡೈಲಾಗುಗಳು ಮಾತ್ರ. ಆ ಡೈಲಾಗುಗಳಲ್ಲಿ ಯಾರಿಗೂ ಎಂದೂ ಕಾಯಿಲೆಯಾಗಿರಲಿಲ್ಲ.

ತಕ್ಷಣ ಫೋನು ಹಚ್ಚಿದ. ದೊಡ್ಡಕ್ಕನ ದನಿಯಲ್ಲೇ, "ಲಕ್ಷ್ಮೀದೇವವ್ವ, ನಾಡಿದ್ದು ಕ್ಯಾಂಪಿಗೆ ಬಂದುಬುಡವ್ವ, ಒಂದು ಸಲ ತೋರುಸ್ಬುಡು" ಎಂದ.

"ಯಾಕಕ್ಕ? ನೀನೇ ಹೇಳ್ದಲ್ಲ, ಇರ್ಲಿ ಬುಡು ಅಂತ. ದನಿ ಕೇಳಿದ್ರೆ ನಿಂಗೆ ಎಂಬತ್ತು ವರ್ಸ ಆಗಿರ್ಬೇಕು, ನಿಂಗೂ ಐತೆ, ಗಟ್ಟಿಯಾಗಿದ್ದೀಯ. ಎಷ್ಟು ದಿನದಿಂದ ನಿದ್ದೆ ಇರ್ಲಿಲ್ಲ ಗೊತ್ತಾ? ನಿನ್ನಿಂದ ಧೈರ್ಯ ಬಂತು. ನಾನು ಬರಾಕಿಲ್ಲ." ಅಷ್ಟರಲ್ಲಿ ಹಿಂದಿನಿಂದ ಗಂಡನ ದನಿ, ಕುರಿಗಳ ದನಿ. ಫೋನು ಕಟ್ಟು. ಮತ್ತೆ ಹಚ್ಚಿದರೆ ಸ್ವಿಚ್ಡ್ ಆಫ್.

ರಂಗೇಶನ ಮಿಮಿಕ್ರಿಗೆ ಅಷ್ಟು ದೊಡ್ಡ ಗೆಲುವು ಹಿಂದೆಂದೂ ಸಿಕ್ಕಿರಲಿಲ್ಲ. ಒಬ್ಬ ಹೆಂಗಸು ಅವನ ಸುಳ್ಳು ದನಿಯನ್ನು ನಂಬಿ, ನಿಜವಾದ ಗಂಟನ್ನು ಮರೆಯಲು ಹೊರಟಿದ್ದಳು.

ಕ್ಯಾಂಪಿನ ಬೆಳಿಗ್ಗೆ ರಂಗೇಶ ಗಂಗಾಲಕ್ಷ್ಮಿಯ ಜೊತೆ ಹಟ್ಟಿಗೆ ನಡೆದ. ದಾರಿಯಲ್ಲಿ ಅವಳು ಒಂದೇ ಮಾತು ಹೇಳಿದಳು: "ಗಡ್ಡದ ವಿಷ್ಯ ಅವಳ್ನ ಒಬ್ಬಳ್ನೇ ಕರೆದು ಹೇಳು. ನಿನ್ ಮಾನ ಬೇಕಾರೆ ಎಲ್ರ ಮುಂದೆ ಕಳ್ಕೊ, ಅವಳ್ದು ಬ್ಯಾಡ."

ನಿಡುಗಲ್ ಬೆಟ್ಟದ ಬುಡದಲ್ಲಿ ಅವತ್ತು ಕುರಿ ಉಣ್ಣೆ ಕತ್ತರಿಸುವ ದಿನ. ಲಕ್ಷ್ಮೀದೇವಿಯ ಗಂಡ ಕಾಡಸಿದ್ದಪ್ಪ ಒಂದು ಕುರಿಯ ಕಾಲು ಕಟ್ಟಿ, ಮಗ್ಗುಲಿಗೆ ಕೆಡವಿ, ಮೊಳದುದ್ದದ ಕತ್ತರಿ ಆಡಿಸುತ್ತಿದ್ದ. ಜಗಲಿಯ ಮೇಲೆ ಅವನ ತಾಯಿ ಗೌರಕ್ಕ. ಬಾಗಿಲಲ್ಲಿ ನಲವತ್ತರ ಆಸುಪಾಸಿನ ಲಕ್ಷ್ಮೀದೇವಿ.

"ಯಾರಪ್ಪ ನೀನು?" ಎಂದಳು ಗೌರಕ್ಕ.

"ನಾನು... ದೊಡ್ಡಕ್ಕ."

ಕತ್ತರಿ ನಿಂತಿತು. ಗೌರಕ್ಕ ಅವನ ಗಡ್ಡವನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ಓದಿದೋನಂಗೆ ಕಾಣ್ತಾನೆ. ಬಿಸ್ಲು ಹೊಡ್ದೈತೆ. ಲೇ ಸಿದ್ದ, ನೀರ್ ಕೊಡ್ಲಾ" ಎಂದಳು.

ಬೇರೆ ದಾರಿಯಿರಲಿಲ್ಲ. ರಂಗೇಶ ಕಣ್ಣು ಮುಚ್ಚಿ ಶುರು ಮಾಡಿದ: "ಏನ್ರವ್ವಾ, ಎದೆ ಅಂದ್ರೆ ಗುಂಡಿಗೆ ಅಲ್ಲ ಕಣ್ರೇ..." ಕಣ್ಣು ತೆರೆದಾಗ ಪಕ್ಕದ ಮನೆಗಳ ಹೆಂಗಸರೂ ಬಂದು ನಿಂತಿದ್ದರು. ಗೌರಕ್ಕನ ಬಾಯಿ ತೆರೆದೇ ಇತ್ತು. ಕಾಡಸಿದ್ದಪ್ಪ ಕತ್ತರಿ ಹಿಡಿದೇ ಎದ್ದ.

"ನನ್ ಹೆಂಡ್ರು ತಾವ ಹೆಂಗ್ಸಿನ ದನೀಲಿ ಮಾತಾಡ್ತಿದ್ದೋನು ನೀನೇನ್ಲಾ?"

"ನಾನೇ ಅಣ್ಣ. ತಪ್ಪಾಯ್ತು. ಅಕ್ಕನ ತಾವ ಎರಡು ಮಾತು ಆಡಿ ಬಂದ್ಬುಡ್ತೀನಿ. ಆಮೇಲೆ ಆ ಕತ್ತರೀಲಿ ಏನ್ ಬೇಕಾರೆ ಮಾಡು."

ಗಂಗಾಲಕ್ಷ್ಮಿ ಲಕ್ಷ್ಮೀದೇವಿಯನ್ನು ಹುಣಸೆಮರದ ಆಚೆ ಕರೆದೊಯ್ದಳು. ರಂಗೇಶ ಹಿಂದೆ ಹೋದ.

"ಅಂಗಾರೆ ನಿಂಗೆ ಗಡ್ಡ ಇಲ್ವಾ?" ಲಕ್ಷ್ಮೀದೇವಿ ಕೇಳಿದ ಮೊದಲ ಮಾತು ಅದು.

ರಂಗೇಶ ತನ್ನ ಗದ್ದ ಮುಟ್ಟಿ ತೋರಿಸಿದ. "ಇದೇ ಅಕ್ಕ ಇರೋದು. ನೀವು ಹೇಳಿದ್ದು ಇದು ಅಂದ್ಕೊಂಡೆ."

ಅವಳು ಆ ಗಡ್ಡವನ್ನೇ ನೋಡುತ್ತ ನಿಂತಳು. ಎರಡು ದಿನ ಹಿಂದೆ ಇಳಿಸಿದ್ದ ಹೊರೆಯನ್ನು ಅವಳ ತಲೆಯ ಮೇಲೆ ಮತ್ತೆ ಯಾರೋ ಎತ್ತಿಡುತ್ತಿರುವುದು ರಂಗೇಶನಿಗೆ ಕಾಣಿಸಿತು. ಎತ್ತಿಟ್ಟವನು ತಾನೇ. ಅದಕ್ಕೊಂದು ಶ್ಲೇಷೆ ಹೊಳೆಯಲಿಲ್ಲ.

"ನಂಗೆ ಭಯ ಆಗ್ತದಪ್ಪ" ಎಂದಳು.

"ನಂಗೂ ಅಕ್ಕ."

"ನಿಂಗ್ಯಾಕೆ?"

"ನನ್ ಮಾತು ಕೇಳಿ ನೀವು ಮನೇಲೇ ಕೂತ್ರಲ್ಲ, ಅದುಕ್ಕೆ."

ಅತ್ತ ಕಟ್ಟಿಹಾಕಿದ ಕುರಿ ಅರ್ಧ ಮೈ ಬೋಳಿಸಿಕೊಂಡು ಅರಚುತ್ತಿತ್ತು. ಲಕ್ಷ್ಮೀದೇವಿ ಅದನ್ನು ನೋಡಿದಳು, ರಂಗೇಶನನ್ನು ನೋಡಿದಳು, ಮತ್ತೆ ಕುರಿಯನ್ನು ನೋಡಿದಳು. ತುಟಿಯ ಅಂಚಿನಲ್ಲಿ ಏನೋ ಮಿಸುಕಿತು.

"ಆಗ್ಲಿ. ನನ್ ಗಡ್ಡ ನಾನು ತೋರುಸ್ತೀನಿ. ನಿನ್ ಗಡ್ಡ ನೀನು ತೆಗಿಸ್ಬೇಕು. ಒಪ್ಗೆನಾ?"

ಹನ್ನೆರಡು ವರ್ಷದ ಗಡ್ಡ! ರಂಗೇಶ ಅದನ್ನು ಕೊನೆಯ ಬಾರಿ ನೀವಿದ. "ಒಪ್ಗೆ."

ಅಂಗನವಾಡಿಯ ಒಳಕೋಣೆಯಲ್ಲಿ ಪರದೆ ಕಟ್ಟಿಕೊಂಡು ಡಾಕ್ಟರ್ ಶೀಬಾ ಕೂತಿದ್ದರು. ಲಕ್ಷ್ಮೀದೇವಿ ಹೋದಳು. ಅವಳ ಹಿಂದೆಯೇ, ಗಡ್ಡದ ದೊಡ್ಡಕ್ಕನನ್ನು ನೋಡಲು ಬಂದಿದ್ದ ಹಟ್ಟಿಯ ಹೆಂಗಸರೆಲ್ಲ ಸಾಲು ನಿಂತರು. ಗೌರಕ್ಕ ಎಲ್ಲರಿಗಿಂತ ಮುಂದೆ.

ಲಕ್ಷ್ಮೀದೇವಿ ಹೊರಬಂದಾಗ ಮುಖದಲ್ಲಿ ಏನೂ ಬರೆದಿರಲಿಲ್ಲ. ಅವಳ ಒಪ್ಪಿಗೆ ಕೇಳಿ ಶೀಬಾ ಗಂಡನನ್ನೂ, ಗಂಗಾಲಕ್ಷ್ಮಿಯನ್ನೂ, ರಂಗೇಶನನ್ನೂ ಕರೆದರು. "ಗಂಟು ಇದೆ. ಬಹಳಷ್ಟು ಗಂಟುಗಳು ಕ್ಯಾನ್ಸರ್ ಅಲ್ಲ. ಆದ್ರೆ ಯಾವುದು ಹೌದು, ಯಾವುದು ಅಲ್ಲ ಅಂತ ಹೇಳೋದು ಸ್ಕ್ಯಾನು. ನಾನೂ ಅಲ್ಲ," ಎಂದು ರಂಗೇಶನತ್ತ ತಿರುಗಿ, "ದೊಡ್ಡಕ್ಕನಂತೂ ಖಂಡಿತ ಅಲ್ಲ. ಸೋಮವಾರ ತುಮಕೂರಿಗೆ ಬರಬೇಕು."

ಕಾಡಸಿದ್ದಪ್ಪ ಹೆಂಡತಿಯ ಮುಖ ನೋಡಿದ. ಮೂರು ತಿಂಗಳ ಗುಟ್ಟು ಅವನಿಗೆ ತಿಳಿದದ್ದು ಆಗಲೇ. "ನಂಗ್ಯಾಕೆ ಹೇಳ್ಲಿಲ್ಲಮ್ಮಿ?" ಎಂದನೇ ಹೊರತು ಬೇರೇನೂ ಅನ್ನಲಿಲ್ಲ. ಆಮೇಲೆ, ಸಿಟ್ಟು ಎಲ್ಲಾದರೂ ಇಳಿಸಬೇಕಲ್ಲ, ರಂಗೇಶನ ರಟ್ಟೆ ಹಿಡಿದು ಹುಣಸೆಮರದ ಕೆಳಗೆ ಕೂರಿಸಿದ. ಕುರಿ ಕತ್ತರಿ ಬಂತು. ಸದ್ಯ, ಕಾಲು ಕಟ್ಟಲಿಲ್ಲ.

ಎಡಗೆನ್ನೆಯ ಗಡ್ಡ ಹಿಡಿಹಿಡಿಯಾಗಿ ಮಡಿಲಿಗೆ ಬಿತ್ತು. ಹೆಂಗಸರು ಸುತ್ತ ನಿಂತು ಉಣ್ಣೆಯ ದರ್ಜೆ ಗೊತ್ತುಮಾಡುತ್ತಿದ್ದರು. "ಕಂಬ್ಳಿಗೆ ಬರಾಕಿಲ್ಲ ಬುಡು, ಒರಟು" ಎಂದಳು ಗೌರಕ್ಕ. ಕಾಡಸಿದ್ದಪ್ಪ ಗದ್ದ ತಿರುಗಿಸಿ ಬಲಗಡೆಗೆ ಕತ್ತರಿ ತಂದಾಗ ಲಕ್ಷ್ಮೀದೇವಿ ತಡೆದಳು.

"ಸಾಕು ನಿಲ್ಸು. ನಂದೂ ಅರ್ಧ ಆಗೈತೆ, ಅವ್ನ್ದೂ ಅರ್ಧ ಇರ್ಲಿ. ಮಿಕ್ಕಿದ್ದು ತುಮಕೂರಿಂದ ಬಂದ್ಮೇಲೆ. ಅವ್ನೂ ಇಂಗೇ ನನ್ ಜೊತೆ ಬರ್ಲಿ. ಎಲ್ರೂ ನನ್ನ ಬುಟ್ಟು ಅವ್ನ್ನ ನೋಡ್ತಾರೆ."

ಸೋಮವಾರದ ಬಸ್ಸು ಪಾವಗಡದಿಂದ ಹೊರಟು ಮಧುಗಿರಿಯ ಮೇಲೇ ಹೋಗಬೇಕಿತ್ತು. ರಂಗೇಶ ಮುಖಕ್ಕೆ ಟವೆಲು ಸುತ್ತಿಕೊಂಡಿದ್ದ. ಮಧುಗಿರಿ ಸ್ಟ್ಯಾಂಡಿನಲ್ಲಿ ಕಂಡಕ್ಟರು, "ಹಲ್ಲುನೋವಾ ಸಾರ್?" ಎಂದು ಕನಿಕರಿಸಿದ. "ಇಲ್ಲಪ್ಪ, ಹರಕೆ" ಎಂದಳು ಪಕ್ಕದಲ್ಲಿದ್ದ ಲಕ್ಷ್ಮೀದೇವಿ, ಟವೆಲು ಎಳೆದು. ಕಾಲೇಜಿನಲ್ಲಿ ರಂಗೇಶನ ಮಿಮಿಕ್ರಿಗೆ ಚಪ್ಪಾಳೆ ತಟ್ಟಿದ್ದ ಇಬ್ಬರು ಕಿಟಕಿಯ ಹೊರಗೆ ಟೀ ಕುಡಿಯುತ್ತಿದ್ದರು. ಟೀ ಅವರ ಅಂಗಿಯ ಮೇಲೆ ಚೆಲ್ಲಿತು. ಕೊರಟಗೆರೆ ಬರುವ ಹೊತ್ತಿಗೆ ಅವನ ಫೋಟೋ ಅವನ ಫೋನಿಗೇ ಬಂದಿತ್ತು.

ತುಮಕೂರಿನಲ್ಲಿ ಗಂಗಾಲಕ್ಷ್ಮಿ ಲಕ್ಷ್ಮೀದೇವಿಯನ್ನು ಒಳಗೆ ಕರೆದೊಯ್ದಳು. ರಂಗೇಶ ಹೊರಗಿನ ಬೆಂಚಿನ ಮೇಲೆ, ಸೆರಗಿನ ತುದಿ ಹಿಂಡುತ್ತ ಕೂತಿದ್ದ ಹೆಂಗಸರ ನಡುವೆ ಕೂತ. ಏನಾದರೂ ಆಗಿದ್ದರೆ ಏನು ಹೇಳುವುದೆಂದು ಮನಸ್ಸಿನಲ್ಲೇ ತಾಲೀಮು ಮಾಡಿದ. ಪ್ರಿನ್ಸಿಪಾಲರ ದನಿಯಲ್ಲಿ ಚೆನ್ನಾಗಿರಲಿಲ್ಲ. ದೊಡ್ಡಕ್ಕನ ದನಿಗೆ ಮುಖವಿರಲಿಲ್ಲ. ಊರ ಜನರ ದನಿಯೆಲ್ಲ ಇದ್ದ ಆ ಗಂಟಲಲ್ಲಿ ರಂಗೇಶನದು ಎಂಬ ದನಿ ಎಷ್ಟು ತಡಕಿದರೂ ಸಿಗಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಲಕ್ಷ್ಮೀದೇವಿ ಮುಖದ ತುಂಬ ಸೆರಗು ಹೊದ್ದಿದ್ದಳು. ಭುಜಗಳು ಕುಲುಕುತ್ತಿದ್ದವು. ಗಂಗಾಲಕ್ಷ್ಮಿ ಗೋಡೆಯ ಕಡೆ ತಿರುಗಿ ನಿಂತಳು.

ರಂಗೇಶ ಎದ್ದ. "ಅಕ್ಕಾ... ನಾನಿದ್ದೀನಿ. ಏನೇ ಆಗಿದ್ರೂ ಔಷಧಿ ಐತೆ, ಬೇಗ ಬಂದಿದ್ದೀವಿ. ನೀವು ಹೇಳಿದ ದಿನಾನೇ ನಾನು ಸರಿಯಾಗಿ ಕೇಳಿಸ್ಕೋಬೇಕಿತ್ತು. ತಪ್ಪು ನಂದು." ದನಿ ಒಡೆಯಿತು, ಸ್ವಲ್ಪ ಕೀರಲಾಗಿತ್ತು. ಅದು ಯಾರದೂ ಅಲ್ಲ, ತನ್ನದೇ ಎಂದು ಆಮೇಲೆ ಗೊತ್ತಾಯಿತು.

ಸೆರಗಿನ ಒಳಗಿನಿಂದ ಎಲೆಯಡಿಕೆ ತುಂಬಿದ ದಪ್ಪ ದನಿಯೊಂದು ಬಂತು:

"ಅಯ್ಯೋ, ಗಡ್ಡ ತಾನೆ? ಇರ್ಲಿ ಬುಡವ್ವ! ವಯಸ್ಸಾದ್ಮೇಲೆ ಎಲ್ರಿಗೂ ಬತ್ತದೆ. ನಂಗೂ ಐತೆ ಒಂದು, ನಿಂಗಿಂತ ದೊಡ್ಡದು!"

ಸೆರಗು ಜಾರಿತು. ಲಕ್ಷ್ಮೀದೇವಿಯ ಕಣ್ಣಲ್ಲಿ ನೀರು, ನಗುವಿನದು. "ನೀರ್ ಗುಳ್ಳೆ ಅಂತೆ ಕಣ್ಲಾ ದೊಡ್ಡಕ್ಕ! ಬರೀ ನೀರ್ ಗುಳ್ಳೆ. ಸ್ಕ್ಯಾನ್ ನೋಡಿ, ಸೂಜಿ ಚುಚ್ಚಿ ನೀರು ತೆಗೆದ್ರು, ಗಡ್ಡ ಇಳ್ದೋಯ್ತು. ಆರು ತಿಂಗ್ಳಿಗೆ ಮತ್ತೆ ಬಂದು ತೋರುಸ್ಬೇಕಂತೆ. ಎಂಗೆ ಮಾಡ್ದೆ ನಿನ್ ದನಿ? ಮೂರು ದಿನದಿಂದ ಕುರಿ ಮುಂದೆ ಕಲ್ತೆ!"

ಗೋಡೆ ನೋಡುತ್ತಿದ್ದ ಗಂಗಾಲಕ್ಷ್ಮಿ ಗೋಡೆಗೇ ಹಣೆ ಒರಗಿಸಿ ನಕ್ಕಳು. ಬೆಂಚಿನ ಹೆಂಗಸರು, ಏನೆಂದು ಪೂರ್ತಿ ತಿಳಿಯದಿದ್ದರೂ, ಅರ್ಧ ಗಡ್ಡದವನನ್ನು ನೋಡಿ ಹಿಂಡುತ್ತಿದ್ದ ಸೆರಗು ಬಿಟ್ಟು ನಕ್ಕರು. ರಂಗೇಶ ಬೆಂಚಿನ ಮೇಲೆ ಕುಸಿದ. ಮೊದಲು ಉಸಿರು ಬಂತು, ಆಮೇಲೆ ನಗು ಬಂತು, ಹೊಟ್ಟೆಯ ಬುಡದಿಂದ, ತಡೆಯಲಾಗದ್ದು. ಬೋಳುಗೆನ್ನೆ ಒಂದು ಕಡೆ, ಗಡ್ಡದ ಕೆನ್ನೆ ಇನ್ನೊಂದು ಕಡೆ, ಎರಡರ ಮೇಲೂ ಕಣ್ಣೀರು ಇಳಿಯುವಂತೆ ಕಾರಿಡಾರು ಗುಡುಗಿಸಿ ನಕ್ಕ.

ನರ್ಸು ಬಾಗಿಲು ತಳ್ಳಿಕೊಂಡು ಹೊರಬಂದು ಸುತ್ತಲೂ ಕಣ್ಣು ಹಾಯಿಸಿದಳು.

"ಯಾರ್ರೀ ಅದು, ಅಷ್ಟು ಜೋರಾಗಿ ನಗ್ತಿರೋ ಅಜ್ಜಿ?"